ಹೊಳೆದಂಡೆಯವರ ಹತ್ತು ಪರ್ಸೆಂಟು

“ದಾಯ್, ನಿಮ್ಮೂರಲ್ಲೂ ದೊಡ್ಡ ಡ್ಯಾಮ್ ಇದೆ ಅಂತೀರಲ್ಲ, ನಿಮ್ಮ ಮನೆಗೆ ಎಷ್ಟು ಕಿತ್ತಾ ಬಿದ್ದಿತ್ತು?”

ಕೇಳಿದ್ದು ನಮ್ಮ ಆಫೀಸಿನ ಗಾಡಿ ಓಡಿಸುವ ಹುಡುಗ. ದಾಯ್ ಅಂದರೆ ಅಣ್ಣ. ಕಠ್ಮಂಡುವಿನ ಚಾಬಹಿಲ್ ಚೌಕದಲ್ಲಿ ಸಂಜೆ ಹೊತ್ತು ಸಿಕ್ಕಿಹಾಕಿಕೊಂಡರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಆ ಹೊತ್ತಲ್ಲಿ ಅವನು ಮೊಬೈಲಿನಲ್ಲಿ ‘ಮೇರೋ ಶೇರ್’ ತೆಗೆದು ತನ್ನ ಷೇರುಗಳನ್ನು ನೋಡಿಕೊಳ್ಳುತ್ತಾನೆ. ಇಲ್ಲಿನವರು ಷೇರು ಎಣಿಸುವುದು ಕಿತ್ತಾ ಲೆಕ್ಕದಲ್ಲಿ. ಅವನ ಪಟ್ಟಿಯ ಮೇಲ್ಗಡೆಯೇ ಇರುವುದು ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಕಂಪನಿ. ಅವನ ಹೆಸರಲ್ಲಿ ಒಂದಿಷ್ಟು, ಅಮ್ಮನ ಹೆಸರಲ್ಲಿ ಒಂದಿಷ್ಟು, ತಂಗಿಯ ಹೆಸರಲ್ಲಿ ಒಂದಿಷ್ಟು. ಹುಡುಗ ದೋಲಖಾ ಜಿಲ್ಲೆಯವನು. ತಾಮಾಕೋಶಿ ಅವನೂರಿನ ಹೊಳೆ.

ನಾನು ಸಾಗರದ ಕಡೆಯವನು. ನಮ್ಮಜ್ಜನ ಮನೆ, ಗದ್ದೆ, ತೋಟ ಎಲ್ಲ ಲಿಂಗನಮಕ್ಕಿಯ ನೀರಿನಡಿ ಇದೆ. “ನಮಗೆ ಒಂದು ಲಾರಿ ಸಿಕ್ಕಿತ್ತು,” ಅಂದೆ.

“ಓಹೋ, ಲಾರಿನೇ ಕೊಟ್ರಾ! ಬಾಡಿಗೆಗೆ ಓಡಿಸ್ತಿದ್ರಾ?”

ಇಲ್ಲ ಮಾರಾಯ, ಪಾತ್ರೆ-ಪಗಡೆ, ಬಾಗಿಲ ಚೌಕಟ್ಟು, ದನಕರು ಎಲ್ಲ ಹೇರಿಕೊಂಡು ಹೋಗಿ ಕಾಡಿನ ಮಧ್ಯೆ ಇಳಿಸಿ ವಾಪಸ್ ಬಂದ ಲಾರಿ ಅದು ಅಂತ ವಿವರಿಸುವಷ್ಟರಲ್ಲಿ ಪೊಲೀಸ್ ಕೈ ಬೀಸಿದ, ಗಾಡಿ ಹೊರಟಿತು. ಅವನು ನನ್ನನ್ನು ಹಂಗಿಸಲಿಕ್ಕೆ ಕೇಳಿದ್ದಲ್ಲ. ಹೊಳೆಗೆ ಅಡ್ಡ ಕಟ್ಟಿ ಕರೆಂಟ್ ತೆಗೆದರೆ ಹೊಳೆದಂಡೆಯವರಿಗೆ ಷೇರು ಕೊಡುವುದು ಲೋಕದ ರೂಢಿ ಎಂದೇ ಅವನು ತಿಳಿದಿದ್ದ. ನನಗೆ ಚುಚ್ಚಿದ್ದು ಅದು.

ಅಪ್ಪರ್ ತಾಮಾಕೋಶಿ ಸಣ್ಣ ಯೋಜನೆಯಲ್ಲ. 456 ಮೆಗಾವಾಟ್, ಟಿಬೆಟ್ ಗಡಿಯ ಹತ್ತಿರ ಲಾಮಾಬಗರ್ ಎಂಬಲ್ಲಿ ಹೊಳೆಯನ್ನು ತಿರುಗಿಸಿ ಗುಡ್ಡದ ಹೊಟ್ಟೆಯೊಳಗೆ ಇಳಿಸುತ್ತಾರೆ. 2021ರಲ್ಲಿ ಶುರುವಾಯಿತು. ಸದ್ಯ ನೇಪಾಳದಲ್ಲಿ ಓಡುತ್ತಿರುವ ಅತಿ ದೊಡ್ಡ ಜಲವಿದ್ಯುತ್ ಸ್ಥಾವರ. ಇದಕ್ಕೆ ಅವರು ವಿಶ್ವಬ್ಯಾಂಕಿನ ಮುಂದೆ ಕೈ ಒಡ್ಡಲಿಲ್ಲ. ಒಡ್ಡಿದ್ದ ಕಾಲವೂ ಇತ್ತು: ಅರುಣ್-3 ಎಂಬ ಯೋಜನೆಗೆ ಕೊಡುತ್ತೇವೆ ಕೊಡುತ್ತೇವೆ ಅಂದ ವಿಶ್ವಬ್ಯಾಂಕು 1995ರಲ್ಲಿ ಕೈ ಎತ್ತಿತು. ಆ ಪೆಟ್ಟು ಇಲ್ಲಿನ ಎಂಜಿನಿಯರುಗಳ ಒಂದು ತಲೆಮಾರಿಗೇ ಬಿದ್ದಿತ್ತು. ತಾಮಾಕೋಶಿಗೆ ಬಂಡವಾಳ ಬಂದದ್ದು ಇಲ್ಲಿನ ವಿದ್ಯುತ್ ಪ್ರಾಧಿಕಾರದಿಂದ, ಟೆಲಿಫೋನ್ ಕಂಪನಿಯಿಂದ, ನೌಕರರ ಭವಿಷ್ಯನಿಧಿಯಿಂದ. ಷೇರಿನಲ್ಲಿ ಶೇ 15 ಸಾಮಾನ್ಯ ಜನರಿಗೆ, ಶೇ 10 ದೋಲಖಾ ಜಿಲ್ಲೆಯವರಿಗೆ ಅಂತ ಎತ್ತಿಟ್ಟರು. ಒಂದು ಷೇರಿಗೆ ನೂರು ರೂಪಾಯಿ, ನೇಪಾಳಿ ನೂರು. ಮಗು ಹುಟ್ಟಿದ್ದರೆ ಮಗುವಿನ ಹೆಸರಲ್ಲೂ ಅರ್ಜಿ ಹಾಕಿದರು.

ಈ ದಾರಿಯನ್ನು ಮೊದಲು ತೋರಿಸಿದ್ದು ರಸುವಾ ಜಿಲ್ಲೆಯ ಚಿಲಿಮೆ ಎನ್ನುವ 22 ಮೆಗಾವಾಟಿನ ಯೋಜನೆ. 2003ರಲ್ಲಿ ಶುರುವಾದದ್ದು. ಸುತ್ತಲಿನ ಜನ ನಮ್ಮ ಪಾಲೆಲ್ಲಿ ಅಂತ ಪಟ್ಟು ಹಿಡಿದು ಕೂತರು, ಕೊನೆಗೆ ಅವರಿಗೆ ಹತ್ತು ಪರ್ಸೆಂಟ್ ಕೊಟ್ಟರು. ಈಗ ಜನರಿಗೆ ಷೇರು ಮಾರುವ ಯಾವ ಜಲವಿದ್ಯುತ್ ಕಂಪನಿಯಾದರೂ ಸ್ಥಳೀಯರ ಹತ್ತು ಪರ್ಸೆಂಟನ್ನು ಮೊದಲು ತೆಗೆದಿಡಬೇಕು. ಸರ್ಕಾರಕ್ಕೆ ಬರುವ ರಾಯಲ್ಟಿಯಲ್ಲೂ ಅರ್ಧ ಕಠ್ಮಂಡುವಿಗೆ, ಕಾಲು ಭಾಗ ಪ್ರಾಂತಕ್ಕೆ, ಇನ್ನು ಕಾಲು ಭಾಗ ಹೊಳೆ ಹರಿಯುವ ಊರುಗಳ ಪಾಲಿಕೆಗಳಿಗೆ.

ಒಂದು ದಸೈಂ ರಜೆಯಲ್ಲಿ ಹುಡುಗನ ಜೊತೆ ದೋಲಖಾಕ್ಕೆ ಹೋಗಿದ್ದೆ. ದಸೈಂ ಅಂದರೆ ನಮ್ಮ ದಸರಾನೇ, ಆದರೆ ಬನ್ನಿ ಬದಲು ಹಣೆ ತುಂಬ ಅಕ್ಕಿ-ಮೊಸರಿನ ಕೆಂಪು ಟೀಕಾ, ಮನೆಮನೆಯಲ್ಲೂ ಆಡು. ಚರಿಕೋಟ್ ಎಂಬ ಜಿಲ್ಲಾ ಕೇಂದ್ರ ನಮ್ಮ ತೀರ್ಥಹಳ್ಳಿಯಷ್ಟು ದೊಡ್ಡದು ಅನ್ನಬಹುದು, ಎದುರಿಗೆ ಗೌರಿಶಂಕರ ಶಿಖರ ನಿಂತಿರುತ್ತದೆ ಅನ್ನುವುದೊಂದು ವ್ಯತ್ಯಾಸ. ಅಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂತ ಮುದುಕ, ತಲೆಗೆ ಢಾಕಾ ಟೋಪಿ, ಕೈಯಲ್ಲಿ ಸ್ಟೀಲ್ ಗ್ಲಾಸು, ನಮ್ಮ ಹುಡುಗನನ್ನು ವಿಚಾರಿಸುತ್ತಿದ್ದ: ಇವತ್ತು ಆರೂ ಯೂನಿಟ್ ಓಡುತ್ತಿದೆಯಾ, ಒಂದು ರಿಪೇರಿಗೆ ನಿಂತಿದೆಯಂತೆ ಹೌದಾ, ಈ ವರ್ಷ ಪ್ರಾಧಿಕಾರ ಕಂಪನಿಗೆ ದುಡ್ಡು ಬಾಕಿ ಇಟ್ಟಿದೆಯಾ? ತಾಮಾಕೋಶಿಯಲ್ಲಿ ಆರು ಟರ್ಬೈನ್, ತಲಾ 76 ಮೆಗಾವಾಟ್. ಮುದುಕನಿಗೆ ಆ ಲೆಕ್ಕ ಬಾಯಿಪಾಠ. ಅಂಗಡಿಯ ಹೆಂಗಸು ನಡುವೆ ಬಾಯಿ ಹಾಕಿ ಬಡ್ಡಿಯ ಮಾತೆತ್ತಿದಳು. ನಾನು ಲೆಕ್ಕಪತ್ರದ ಕೆಲಸದವನು, ಕಂಪನಿಗಳ ವಾರ್ಷಿಕ ಸಭೆಗಳಿಗೆ ಹೋಗಿ ಕೂತಿದ್ದೇನೆ. ಅಲ್ಲಿ ಕೂಡ ಇಷ್ಟು ಚುರುಕಾದ ಪ್ರಶ್ನೆ ಕೇಳಿದ್ದು ಕಡಿಮೆ.

ನಮ್ಮಲ್ಲೂ ಮಳೆಗಾಲದಲ್ಲಿ ಪೇಪರು ಬಂದ ಕೂಡಲೇ ಲಿಂಗನಮಕ್ಕಿ ಎಷ್ಟಡಿ ಆಯಿತು ಅಂತ ನೋಡುತ್ತಾರೆ. 1819 ತುಂಬಿದರೆ ಖುಷಿ. ಯಾಕೆ ಖುಷಿ? ಗೇಟ್ ತೆಗೆದರೆ ಜೋಗ ನೋಡಬಹುದು ಅಂತ. ಅದರಾಚೆ ಆ ನೀರಿಗೂ ನಮಗೂ ಏನು ಸಂಬಂಧ ಉಳಿದಿದೆ?

ಹಿಂದಿನದ್ದನ್ನು ಸ್ವಲ್ಪ ನೆನೆಸಿಕೊಂಡರೆ ಹೊಟ್ಟೆ ಇನ್ನೂ ಉರಿಯುತ್ತದೆ. ಕರೆಂಟಿನ ವಿಷಯದಲ್ಲಿ ನಾವು ಇವರಿಗಿಂತ ಮೊದಲು ಹೊರಟವರು. ಶಿವನಸಮುದ್ರ 1902ರಲ್ಲಿ, ಕೋಲಾರದ ಚಿನ್ನದ ಗಣಿಗೆ. 1905ಕ್ಕೆ ಬೆಂಗಳೂರಿನ ಬೀದಿಗೆ. ನೇಪಾಳದಲ್ಲಿ ಚಂದ್ರ ಶಂಶೇರ್ ರಾಣಾ ಕಠ್ಮಂಡುವಿನ ದಕ್ಷಿಣಕ್ಕೆ ಫರ್ಪಿಂಗ್ ಎಂಬಲ್ಲಿ ಐನೂರು ಕಿಲೋವಾಟಿನ ಯಂತ್ರ ಕೂರಿಸಿದ್ದು 1911ರಲ್ಲಿ, ಅದೂ ತಮ್ಮ ಅರಮನೆಗಳ ದೀಪಕ್ಕೆ. ಆಮೇಲೆ ಎಷ್ಟೋ ವರ್ಷ ಏನೂ ಆಗಲಿಲ್ಲ. ಹಿಮಾಲಯದಿಂದ ಇಳಿಯುವ ನದಿಗಳಲ್ಲಿ 83,000 ಮೆಗಾವಾಟ್ ಇದೆ ಎಂದು 1960ರ ದಶಕದಲ್ಲೇ ಲೆಕ್ಕ ಹಾಕಿ, ಆ ಸಂಖ್ಯೆಯನ್ನು ಶಾಲೆಯ ಪುಸ್ತಕದಲ್ಲಿ ಓದಿಸಿ ಓದಿಸಿ, ಮನೆಯಲ್ಲಿ ಮಾತ್ರ ಮೇಣದಬತ್ತಿ ಹಚ್ಚಿಕೊಂಡು ಕೂತ ದೇಶ ಇದು.

ನಾನು ಬಾಡಿಗೆಗಿರುವ ಮನೆಯ ಯಜಮಾನಿ ಆಮಾ ಆ ಕಾಲದ ಕತೆಗಳನ್ನು ಬಾಯಿ ತುಂಬ ಹೇಳುತ್ತಾರೆ. 2008ರಲ್ಲಿ ಕೋಶಿ ನದಿ ಒಡ್ಡು ಒಡೆದು ಭಾರತದಿಂದ ಬರುವ ಲೈನಿನ ಕಂಬಗಳನ್ನೇ ಎಳೆದೊಯ್ದಿತು. ಆ ಚಳಿಗಾಲ ದಿನಕ್ಕೆ ಹದಿನಾರು ಗಂಟೆಗೂ ಮೀರಿ ಲೋಡ್‌ಶೆಡ್ಡಿಂಗ್. ಕಠ್ಮಂಡುವನ್ನು ಏಳು ಗುಂಪು ಮಾಡಿ, ಯಾವ ಗುಂಪಿಗೆ ಯಾವ ದಿನ ಯಾವ ಗಂಟೆ ಎಂದು ಪಟ್ಟಿ ಹೊರಡಿಸುತ್ತಿದ್ದರು. ಅಡುಗೆಮನೆಯ ಗೋಡೆಯಲ್ಲಿ ದೇವರ ಕ್ಯಾಲೆಂಡರಿನ ಪಕ್ಕ ಅದೊಂದು ಹಾಳೆ. ರಾತ್ರಿ ಎರಡಕ್ಕೆ ಕರೆಂಟ್ ಬಂದರೆ ಎರಡಕ್ಕೇ ಎದ್ದು ಪಂಪ್ ಹಾಕಿ, ಅನ್ನಕ್ಕಿಟ್ಟು, ಬಟ್ಟೆ ಇಸ್ತ್ರಿ ಮಾಡಿ ಮಲಗುವುದು. 2016ರ ಸೆಪ್ಟೆಂಬರಿನಲ್ಲಿ ಕುಲ್ಮಾನ್ ಘಿಸಿಂಗ್ ಎಂಬ ಎಂಜಿನಿಯರು ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾಗಿ ಬಂದರು. ಆ ವರ್ಷದ ದೀಪಾವಳಿಗೆ ಕಠ್ಮಂಡುವಿನಲ್ಲಿ ಲೋಡ್‌ಶೆಡ್ಡಿಂಗ್ ನಿಂತಿತು; 2018ರ ಹೊತ್ತಿಗೆ ದೇಶದ ಎಲ್ಲ ಮನೆಗಳಿಗೂ ನಿಂತಿತು. ಹೊಸ ಸ್ಥಾವರ ಏನೂ ರಾತ್ರೋರಾತ್ರಿ ಎದ್ದಿರಲಿಲ್ಲ. ಮನೆಗಳನ್ನು ಕತ್ತಲಲ್ಲಿಟ್ಟು ಕಾರ್ಖಾನೆಗಳಿಗೆ ಇಪ್ಪತ್ತನಾಲ್ಕು ಗಂಟೆ ಹರಿಸುತ್ತಿದ್ದ ಲೈನುಗಳನ್ನು ಅವರು ಬಿಗಿ ಮಾಡಿದರು, ಯಾವ ಸ್ಥಾವರ ಯಾವ ಹೊತ್ತಿಗೆ ಓಡಬೇಕು ಎನ್ನುವುದನ್ನು ಸರಿ ಹೊಂದಿಸಿದರು. ಇನ್ನೊಂದನ್ನೂ ಮಾಡಿದರು, ಅದಕ್ಕೆ ಆಮೇಲೆ ಬರುತ್ತೇನೆ. ಆಮಾನ ಮನೆಯಲ್ಲಿ ಅವರ ಫೋಟೋ ಇನ್ನೂ ಇದೆ.

ಆಮಾ ಇನ್ನೊಂದು ಕತೆಯನ್ನೂ ಹೇಳುತ್ತಾರೆ. ಅದನ್ನು ಹೇಳುವಾಗ ನಾನು ಭಾರತದವನು ಎಂಬುದು ನೆನಪಾಗಿ ದನಿ ತಗ್ಗಿಸುತ್ತಾರೆ. 2015ರ ಭೂಕಂಪ ಆಗಿ ಐದು ತಿಂಗಳಿಗೆ ಭಾರತದ ಗಡಿಯಲ್ಲಿ ಲಾರಿಗಳು ನಿಂತವು. ನಾಕಾಬಂದಿ. ಪೆಟ್ರೋಲಿಲ್ಲ, ಗ್ಯಾಸಿಲ್ಲ. ಅರ್ಧ ತುಂಬಿದ ಸಿಲಿಂಡರಿಗೆ ಕ್ಯೂ ನಿಂತು, ಅದೂ ಸಿಗದೆ, ಬಿದ್ದ ಮನೆಯ ಜಂತೆ ಒಡೆದು ಒಲೆ ಉರಿಸಿದರಂತೆ. ಅವತ್ತು ತಂದ ಇಂಡಕ್ಷನ್ ಒಲೆಯಲ್ಲೇ ಇವತ್ತೂ ಅವರು ಬೆಳಗಿನ ಚಹಾ ಕಾಯಿಸುವುದು. ಪಕ್ಕದಲ್ಲಿ ಒಂದು ಸಿಲಿಂಡರ್ ಮಾತ್ರ ತುಂಬಿಸಿ ಇಟ್ಟಿರುತ್ತಾರೆ. ನಂಬಿಕೆ ಎರಡರ ಮೇಲೂ ಅಷ್ಟಕ್ಕಷ್ಟೆ. ದೇಶಕ್ಕೂ ಅದೇ ಪಾಠ ಆಗಿರಬೇಕು. ಇಲ್ಲಿ ಪೆಟ್ರೋಲ್ ಕಾರಿಗೆ ತೆರಿಗೆ ಹೇರಿ ಹೇರಿ, ಬ್ಯಾಟರಿ ಕಾರಿಗೆ ಇಳಿಸಿದ್ದರಿಂದ, ಹೊಸದಾಗಿ ಆಮದಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ವಿದ್ಯುತ್ತಿನವು. ಗುಡ್ಡದ ದಾರಿಯ ಊಟದ ಹೋಟೆಲುಗಳಲ್ಲಿ ದಾಲ್-ಭಾತ್ ತಿನ್ನುವಷ್ಟು ಹೊತ್ತಿಗೆ ಮೈಕ್ರೋಬಸ್ ಚಾರ್ಜಿಗೆ ನಿಂತಿರುತ್ತದೆ. ಹೊಗೆಯಿಲ್ಲದ ಮೂರು ಗಾಲಿಯ ಸಫಾ ಟೆಂಪೋಗಳಂತೂ 1990ರ ದಶಕದಿಂದಲೇ ಓಡುತ್ತಿವೆ, ಓಡಿಸುವವರಲ್ಲಿ ಹೆಂಗಸರೂ ಬಹಳ. ಬೆಂಗಳೂರಿನಲ್ಲಿ ತಮ್ಮನ ಅಪಾರ್ಟ್‌ಮೆಂಟಿಗೆ ಹೋದಾಗ ಕರೆಂಟ್ ಹೋಗಿ ನೆಲಮಾಳಿಗೆಯ ಡೀಸೆಲ್ ಜನರೇಟರ್ ಗುಡುಗಿದರೆ, ಬಡ ದೇಶದಿಂದ ಬಂದವನು ನಾನೋ ಅವನೋ ಅಂತ ಒಂದು ಗಳಿಗೆ ಗೊತ್ತಾಗುವುದಿಲ್ಲ.

ಈಗ ಶರಾವತಿಗೆ ಬರುತ್ತೇನೆ. ಜೋಗದ ಕೆಳಗಿನ ಮಹಾತ್ಮಗಾಂಧಿ ಸ್ಥಾವರ, 1964ರ ಲಿಂಗನಮಕ್ಕಿ, ಅದರ ನೀರಿನಿಂದ ಓಡುವ 1035 ಮೆಗಾವಾಟಿನ ಶರಾವತಿ ಸ್ಥಾವರ, ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು 240. ಒಂದೇ ಹೊಳೆ. ಒಂದು ಕಾಲಕ್ಕೆ ಇಡೀ ರಾಜ್ಯದ ದೀಪ ಉರಿದದ್ದು ಈ ಹೊಳೆಯಿಂದ. ಅದಕ್ಕಾಗಿ ಎದ್ದು ಹೋದವರನ್ನು ಹೊಸನಗರ, ಸೊರಬ, ಶಿಕಾರಿಪುರದ ಕಾಡುಗಳಲ್ಲಿ ಅಲ್ಲಲ್ಲಿ ಇಳಿಸಿದರು. ಕಾಡು ಕಡಿದು ಗದ್ದೆ ಮಾಡಿಕೊಳ್ಳಿ ಅಂದದ್ದು ಸರ್ಕಾರವೇ. ಮಾಡಿಕೊಂಡರು. ಅರವತ್ತು ವರ್ಷ ಆದಮೇಲೆ ಅದು ಅರಣ್ಯ ಭೂಮಿ, ನಿಮ್ಮದಲ್ಲ ಎಂಬ ಮಾತು ಬಂತು. ಅರಣ್ಯ ಪಟ್ಟಿಯಿಂದ ಕೈಬಿಟ್ಟ ಆದೇಶಗಳಿಗೆ ಕೇಂದ್ರದ ಒಪ್ಪಿಗೆ ಇರಲಿಲ್ಲವಂತೆ, ಕೋರ್ಟಿಗೆ ಹೋಗಿ ಅವು ರದ್ದಾದವು. ಪಾದಯಾತ್ರೆಗಳಾಗಿವೆ, ಚುನಾವಣೆಗೊಮ್ಮೆ ಭಾಷಣಗಳಾಗಿವೆ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರು ಸಾಗರದ ಆಸ್ಪತ್ರೆಗೆ ಬರಬೇಕಾದರೆ ಲಾಂಚು ಕಾಯಬೇಕಿತ್ತು. ಸೇತುವೆ ಆದದ್ದು 2025ರ ಜುಲೈಯಲ್ಲಿ. ಅಣೆಕಟ್ಟು ಕಟ್ಟಲಿಕ್ಕೆ ಹಿಡಿದ ಕಾಲ ಎಷ್ಟು, ಒಡೆದ ದಾರಿಯನ್ನು ಜೋಡಿಸಲಿಕ್ಕೆ ಹಿಡಿದ ಕಾಲ ಎಷ್ಟು ನೋಡಿ.

ಮಳೆ ಕೈಕೊಟ್ಟ ವರ್ಷ ಏಪ್ರಿಲ್-ಮೇ ಹೊತ್ತಿಗೆ ನೀರು ತೀರಾ ಇಳಿದಾಗ ಹಳೆಯ ಮಡೆನೂರು ಅಣೆಕಟ್ಟು ಎದ್ದು ಕಾಣುತ್ತದೆ. ಜನ ಫೋಟೋ ತೆಗೆಯಲಿಕ್ಕೆ ಹೋಗುತ್ತಾರೆ. ಅಂಥ ಒಂದು ಬೇಸಿಗೆ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ, ಒಡೆದ ಕೆಸರು ದಾಟಿ, ಒಂದು ಕಡೆ ನಿಂತು ಇದು ನಮ್ಮ ಬಾವಿ ಅಂದರು. ಕೆಂಪು ಕಲ್ಲಿನ ಬಾಯಿ, ಒಳಗೆ ಹೂಳು. ಹಗ್ಗ ಜಗ್ಗಿ ಜಗ್ಗಿ ಕಲ್ಲಿನ ಅಂಚಿನಲ್ಲಿ ಬಿದ್ದ ಗೀರುಗಳು ಹಾಗೇ ಇದ್ದವು. ಅಪ್ಪ ಆ ಗೀರಿನ ಮೇಲೆ ಬೆರಳಿಟ್ಟು ನೋಡಿ, ನಡಿ ಬಿಸಿಲಾಯ್ತು ಅಂದರು. ಸರ್ಕಾರ ಕೊಟ್ಟ ದುಡ್ಡು ಎಷ್ಟು ಅಂತ ಅಜ್ಜನಾಗಲಿ ಅಪ್ಪನಾಗಲಿ ಒಮ್ಮೆಯೂ ಹೇಳಿದ್ದಿಲ್ಲ. ಹೇಳುವಷ್ಟು ಇದ್ದಿರಲಿಕ್ಕಿಲ್ಲ.

ಹೀಗಾಗಿ ದೋಲಖಾದ ಚಹಾದಂಗಡಿಯಲ್ಲಿ ಕೂತು ನನಗೆ ಅನಿಸಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ನಾವು ಪರಿಹಾರ ಅನ್ನುವುದನ್ನು ಒಂದು ಸಲದ ದಾನದ ಹಾಗೆ ಕಂಡೆವು. ಇವರು ಪಾಲು ಅಂತ ಕಂಡರು. ನಮಗಿಂತ ಬಡವರು, ನಮಗಿಂತ ತಡವಾಗಿ ಹೊರಟವರು, ಹತ್ತು ವರ್ಷದ ಅಂತರ್ಯುದ್ಧ ಕಂಡವರು, ಸರ್ಕಾರ ವರ್ಷ ತುಂಬುವುದರೊಳಗೆ ಬೀಳುವ ದೇಶ. ಆದರೂ ಇದೊಂದು ವಿಷಯದಲ್ಲಿ ಅವರಿಗೆ ಹೊಳೆದದ್ದು ನಮ್ಮ ದೊಡ್ಡ ದೊಡ್ಡ ಎಂಜಿನಿಯರುಗಳಿಗೆ, ಮಂತ್ರಿಗಳಿಗೆ ಹೊಳೆಯಲಿಲ್ಲ. ಮಾತೆತ್ತಿದರೆ ವಿಶ್ವೇಶ್ವರಯ್ಯನವರ ನಾಡು ಅನ್ನುತ್ತೇವೆ.

ಫೋನಿನಲ್ಲಿ ಇದನ್ನೇ ಹೇಳಿದರೆ ಸಾಗರದ ನಮ್ಮ ಭಾವ ನಗುತ್ತಾರೆ. “ಇನ್ನೂರು ಯೂನಿಟ್ ಫ್ರೀ ಕೊಡ್ತಾ ಇದಾರೆ, ಇನ್ನೇನ್ ಬೇಕು ನಿಂಗೆ? ಅಲ್ಲಿ ಪಶುಪತಿನಾಥನ ಹತ್ರ ಇದೀಯ, ಆರಾಮಾಗಿರು.” ಪಶುಪತಿಯ ಮೂಲ ಭಟ್ಟರು ನಮ್ಮ ಕಡೆಯವರೇ ಅನ್ನುವುದರಿಂದ ಊರಿನವರ ದೃಷ್ಟಿಯಲ್ಲಿ ನಾನಿರುವುದು ಒಂದು ರೀತಿಯಲ್ಲಿ ಗೋಕರ್ಣದ ಆಚೆ ಮನೆ. ಇನ್ನೂರು ಯೂನಿಟ್ಟು ಜಯನಗರದವರಿಗೂ ಇದೆ ಭಾವ, ಮುಳುಗಿದವರಿಗೆ ಬೇರೆ ಏನಿದೆ ಅಂದರೆ ಮಾತು ಅಡಿಕೆ ರೇಟಿಗೆ ಹೊರಳುತ್ತದೆ.

ಇಷ್ಟು ಹೇಳಿದ ಮೇಲೆ ಕೆಲವನ್ನು ಒಪ್ಪಲೇಬೇಕು, ಮನಸ್ಸಿಲ್ಲದಿದ್ದರೂ.

ಷೇರು ಅಂದರೆ ದುಡ್ಡಲ್ಲ. ನಮ್ಮ ಹುಡುಗನ ತಾಮಾಕೋಶಿ ಷೇರು 2021ರ ಉಬ್ಬರದಲ್ಲಿ ಕೊಂಡ ಬೆಲೆಯ ಹಲವು ಪಟ್ಟು ಏರಿತ್ತು. ಆಗ ಮಾರದೆ ಇಟ್ಟುಕೊಂಡ, ಆಮೇಲೆ ಇಳಿಯಿತು. ಶುರುವಿನಲ್ಲಿ 3,500 ಕೋಟಿ ನೇಪಾಳಿ ರೂಪಾಯಿ ಅಂದಾಜಿಸಿದ್ದ ಯೋಜನೆ ಭೂಕಂಪ, ನಾಕಾಬಂದಿ, ಗುತ್ತಿಗೆದಾರರ ತಡ ಎಲ್ಲ ದಾಟಿ ಮುಗಿಯುವಾಗ ಬಡ್ಡಿ ಸೇರಿ ಅದರ ಎರಡು ಪಟ್ಟನ್ನೂ ಮೀರಿತ್ತು. ಅಂಥ ಕಂಪನಿ ಲಾಭ ಹಂಚುವುದು ಯಾವಾಗ? ಅವನಿಗೆ ನಿಜವಾಗಿ ಕೈ ಸುಟ್ಟದ್ದು ಬೇರೆ ಕಡೆ. ಸಹಕಾರಿಯಲ್ಲಿ ಸಾಲ ತೆಗೆದು ಇನ್ನೊಂದು ಸಣ್ಣ ಜಲವಿದ್ಯುತ್ ಕಂಪನಿಯ ಷೇರು ಕೊಂಡ. ಆ ಕಂಪನಿಯ ಕಾಲುವೆ ಮಳೆಗೆ ಕೊಚ್ಚಿಹೋಯಿತು, ಸಾಲದ ಕಂತು ನಿಲ್ಲಲಿಲ್ಲ. ಹೆಸರು ಬೇಡ. ಸಂಬಳದ ದಿನ ಅವನ ಮುಖ ನೋಡಿದರೆ ಗೊತ್ತಾಗುತ್ತದೆ.

ಮಳೆಯ ಮಾತು ಬಂತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಎರಡು-ಮೂರು ದಿನ ಸುರಿದ ಮಳೆಗೆ ಇಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಪ್ಪರ್ ತಾಮಾಕೋಶಿಯ ಒಡ್ಡಿನ ಬಳಿಯ ಕಟ್ಟಡದ ಮೇಲೆ ಗುಡ್ಡ ಕುಸಿದು ತಿಂಗಳುಗಟ್ಟಲೆ ಯಂತ್ರ ನಿಂತವು. 2025ರ ಜುಲೈಯಲ್ಲಿ ಟಿಬೆಟ್ ಕಡೆಯಿಂದ ಬಂದ ಪ್ರವಾಹ ರಸುವಾಗಢಿಯಲ್ಲಿ ಚೀನಾಕ್ಕೆ ಹೋಗುವ ಸೇತುವೆಯನ್ನೇ ಹೊತ್ತೊಯ್ದು, ಅಲ್ಲಿನ 111 ಮೆಗಾವಾಟಿನ ಸ್ಥಾವರವನ್ನೂ ಹಾಳುಗೆಡವಿತು. ಹೊಳೆ ಸಿಟ್ಟಾದರೆ ಹೊಳೆದಂಡೆಯವನ ಮನೆಯೂ ಹೋಗುತ್ತದೆ, ಷೇರೂ ಹೋಗುತ್ತದೆ. ಪಾಲುಗಾರ ಆಗುವುದೆಂದರೆ ನಷ್ಟದಲ್ಲೂ ಪಾಲುಗಾರ ಆಗುವುದು. ಚಹಾದಂಗಡಿಯ ಮುದುಕನಿಗೆ ಇದೂ ಗೊತ್ತಿತ್ತು ಅನ್ನಿಸುತ್ತದೆ; ನಾನು ಆ ದಿನ ಕೇಳಿಸಿಕೊಳ್ಳುವ ಮೂಡಿನಲ್ಲಿರಲಿಲ್ಲ.

ಇನ್ನು ಕುಲ್ಮಾನ್ ಮಾಡಿದ ಆ ‘ಇನ್ನೊಂದು’. ಧಲ್ಕೇಬರ್–ಮುಜಫ್ಫರ್‌ಪುರ ಲೈನಿನಿಂದ ಭಾರತದ ಕರೆಂಟ್ ತಂದದ್ದು. ನೇಪಾಳದ ಸ್ಥಾವರಗಳು ಬಹುತೇಕ ಹರಿವ ನೀರನ್ನೇ ನಂಬಿದವು, ಹಿಂದೆ ಜಲಾಶಯವಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೆಚ್ಚಾಗಿ ಎಲ್ಲಿ ಸುರಿಯುವುದು ಅಂತ ಗೊತ್ತಾಗದೆ ಟರ್ಬೈನ್ ನಿಲ್ಲಿಸಿ ನೀರು ಬಿಡುತ್ತಾರೆ. ಚಳಿಗಾಲದಲ್ಲಿ ಹಿಮ ಕರಗುವುದು ನಿಂತು ಹೊಳೆ ಸಣಕಲಾದಾಗ ಅರ್ಧಕ್ಕಿಂತ ಕಡಿಮೆ ಕರೆಂಟು. ಆಗ ಭಾರತದಿಂದ ಕೊಳ್ಳಬೇಕು, ಅದರಲ್ಲಿ ಬಹುಪಾಲು ಕಲ್ಲಿದ್ದಲಿನದ್ದು. ಹೊಗೆಯಿಲ್ಲದ ಸಫಾ ಟೆಂಪೋ ಜನವರಿಯಲ್ಲಿ ಓಡುವಾಗ ಹೊಗೆ ಬಿಹಾರದ ಕಡೆ ಎಲ್ಲೋ ಏಳುತ್ತಿರುತ್ತದೆ. ಸಂಜೆ ಹೊತ್ತು ಅದೂ ಸಾಲದೆ ಬೀರಗಂಜ್, ವಿರಾಟನಗರದ ಕಾರ್ಖಾನೆಗಳಿಗೆ ಕತ್ತರಿ ಬೀಳುತ್ತದೆ.

ಮಳೆಗಾಲದ ಹೆಚ್ಚುವರಿಯನ್ನು ಮಾರೋಣವೆಂದರೆ ಕೊಳ್ಳುವವನು ಸುತ್ತಮುತ್ತ ಒಬ್ಬನೇ, ನಾವು. 2021ರ ನವೆಂಬರಿನಲ್ಲಿ ಮೊದಲ ಸಲ 39 ಮೆಗಾವಾಟ್ ನಮ್ಮ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಾರಲು ಬಿಟ್ಟೆವು. 2024ರ ಜನವರಿಯಲ್ಲಿ ಹತ್ತು ವರ್ಷದಲ್ಲಿ 10,000 ಮೆಗಾವಾಟ್ ಕೊಳ್ಳುವ ಒಪ್ಪಂದವೂ ಆಗಿದೆ. ಆದರೆ ಚೀನಾದ ಹಣವೋ ಗುತ್ತಿಗೆದಾರನೋ ಇರುವ ಸ್ಥಾವರದ ಕರೆಂಟ್ ಬೇಡ ಎನ್ನುತ್ತೇವೆ. ಅಪ್ಪರ್ ತಾಮಾಕೋಶಿಯ ಕಟ್ಟೆ ಕೆಲಸ ಮಾಡಿದ್ದು ಚೀನಾದ ಗುತ್ತಿಗೆದಾರರೇ. ಅಂದರೆ ದೋಲಖಾದ ಮುದುಕನ ಲಾಭಾಂಶಕ್ಕೆ ಅಡ್ಡ ನಿಂತವರಲ್ಲಿ ದಿಲ್ಲಿಯೂ ಒಂದು. ಬಾಂಗ್ಲಾದೇಶಕ್ಕೆ 40 ಮೆಗಾವಾಟ್ ಕಳಿಸಬೇಕಾದರೂ ನಮ್ಮ ತಂತಿಯ ಮೇಲೇ ಹೋಗಬೇಕು. ಸಣ್ಣ ದೇಶ ಹಸಿರು ಇಂಧನದ ಮಾತಾಡುವುದು ಸುಲಭ, ಅದನ್ನು ಬಿಕರಿ ಮಾಡುವುದು ನೆರೆಯವನ ಮರ್ಜಿ.

ಅಡುಗೆಮನೆಯ ಲೆಕ್ಕವೂ ನಾನು ಆಮಾನ ಇಂಡಕ್ಷನ್ ನೋಡಿ ಹಿಗ್ಗಿದಷ್ಟು ಚೆನ್ನಾಗಿಲ್ಲ. 2021ರ ಜನಗಣತಿಯ ಪ್ರಕಾರ ನೇಪಾಳದ ಶೇ 51 ಮನೆಗಳಲ್ಲಿ ಉರಿಯುವುದು ಸೌದೆ, ಶೇ 44ರಲ್ಲಿ ಗ್ಯಾಸ್. ಕರೆಂಟಿನಲ್ಲಿ ಬೇಯಿಸುವವರು ನೂರಕ್ಕೆ ಒಬ್ಬರೂ ಇಲ್ಲ. ದೋಲಖಾದಲ್ಲಿ ಹುಡುಗನ ಮನೆಯಲ್ಲೂ ಅವನ ಅಮ್ಮ ಆಡಿನ ಮಾಂಸ ಬೇಯಿಸಿದ್ದು ಸೌದೆ ಒಲೆಯಲ್ಲೇ. ವೋಲ್ಟೇಜ್ ಸಾಲುವುದಿಲ್ಲವಂತೆ. 456 ಮೆಗಾವಾಟಿನ ಷೇರುದಾರಳು ಊದುಗೊಳವೆ ಹಿಡಿದು ಕೆಮ್ಮುತ್ತಿದ್ದರು.

ಒಪ್ಪಲು ತೀರಾ ಕಷ್ಟವಾದದ್ದನ್ನು ಕೊನೆಗಿಟ್ಟಿದ್ದೇನೆ. ನೇಪಾಳಕ್ಕೆ ಇಲ್ಲದ್ದು, ಅದಕ್ಕೆ ತುರ್ತಾಗಿ ಬೇಕಾದದ್ದು, ಒಂದು ಲಿಂಗನಮಕ್ಕಿ. ಜೂನ್-ಜುಲೈಯ ಮಳೆಯನ್ನು ಹಿಡಿದಿಟ್ಟು ಮಾರ್ಚಿನ ಸಂಜೆಗೆ ಕರೆಂಟ್ ಕೊಡುವ 151 ಟಿಎಂಸಿಯ ಜಲಾಶಯ. ಇವರ ಹತ್ತಿರ ಹೇಳಿಕೊಳ್ಳುವಂಥದ್ದು ಕುಲೇಖಾನಿ ಒಂದೇ, 1982ರದ್ದು, ಅದಕ್ಕೂ 1993ರ ಪ್ರವಾಹ ಹೂಳು ತುಂಬಿಸಿ ಹೋಗಿದೆ. ಅಜ್ಜನ ಬಾವಿಯನ್ನು ಮುಳುಗಿಸಿದ ನೀರೇ ಕರ್ನಾಟಕವನ್ನು ಎಷ್ಟೋ ಬೇಸಿಗೆ ದಾಟಿಸಿದೆ. ತಾಮಾಕೋಶಿಯಲ್ಲಿ ಧಾರಾಳವಾಗಿ ಪಾಲು ಹಂಚಲು ಆಗಿದ್ದಕ್ಕೆ ಒಂದು ಕಾರಣ, ಅಲ್ಲಿ ಊರೂರೇ ಮುಳುಗಲಿಲ್ಲ. ಮುಳುಗಿಸಬೇಕಾಗಿ ಬಂದಾಗ ಇವರೂ ನಮ್ಮ ಹಾಗೇ ಎಡವುತ್ತಾರೆ. ಗೋರ್ಖಾ-ಧಾದಿಂಗ್ ಗಡಿಯ ಬುಢಿಗಂಡಕಿ ಜಲಾಶಯ ಯೋಜನೆ ನೋಡಿ: 1200 ಮೆಗಾವಾಟ್, ಸಾವಿರಾರು ಮನೆಗಳು ಏಳಬೇಕು, ಆರುಘಾಟ್ ಪೇಟೆಯೇ ನೀರಿಗೆ ಹೋಗಬೇಕು. ಅದಕ್ಕಾಗಿ 2016ರಿಂದ ಪೆಟ್ರೋಲಿನ ಲೀಟರಿಗೆ ಐದು ರೂಪಾಯಿ ವಸೂಲಿ ಮಾಡಿದರು. ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟರು, ಕಿತ್ತುಕೊಂಡರು, ಮತ್ತೆ ಕೊಟ್ಟರು, ಮತ್ತೆ ಕಿತ್ತುಕೊಂಡರು. ಜಮೀನಿಗೆ ಪರಿಹಾರ ತೆಗೆದುಕೊಂಡವರಲ್ಲಿ ಎಷ್ಟೋ ಜನ ಅದೇ ಮನೆಯಲ್ಲಿ ಕೂತಿದ್ದಾರೆ: ಹಂಚು ಬದಲಿಸಲೂ ಮನಸ್ಸಿಲ್ಲ, ಬಿಟ್ಟು ಹೋಗಲೂ ದಿನ ಗೊತ್ತಾಗಿಲ್ಲ. ಅಣೆಕಟ್ಟಿನ ಕಲ್ಲು ಬಿದ್ದಿಲ್ಲ.

ನಮ್ಮವರಿಗೆ ಏನೂ ಹೊಳೆದೇ ಇಲ್ಲ ಅಂದದ್ದನ್ನೂ ಸ್ವಲ್ಪ ತಿದ್ದಬೇಕು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಹದಿಮೂರು ಸಾವಿರ ಎಕರೆಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಜಮೀನಿಲ್ಲದ ಕೂಲಿಯವರಿಗೆ ಏನೂ ದಕ್ಕಲಿಲ್ಲ ಅನ್ನುವುದು ಬೇರೆ ಮಾತು, ಆದರೂ ಅದು ನೇಪಾಳದ ಷೇರಿಗಿಂತ ಭದ್ರವಾದ ದುಡ್ಡು. ಜಲವಿದ್ಯುತ್ತಿನಲ್ಲೂ ಕೇಂದ್ರದ 2008ರ ನೀತಿ ಶೇ 1ರಷ್ಟು ವಿದ್ಯುತ್ತಿನ ಬೆಲೆಯನ್ನು ಸ್ಥಳೀಯ ಅಭಿವೃದ್ಧಿಗೆ ಇಡಿ ಅನ್ನುತ್ತದೆ. ಶರಾವತಿ ಅದಕ್ಕಿಂತ ನಾಲ್ಕು ದಶಕ ಹಿರಿಯ.

ಈಗ ಅದೇ ಹೊಳೆಯಲ್ಲಿ ಇನ್ನೊಂದು ಯೋಜನೆಯ ಮಾತು ನಡೆದಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು, ಹಗಲು ಸೋಲಾರ್ ಕರೆಂಟಿನಿಂದ ನೀರನ್ನು ಮೇಲೆತ್ತಿ ರಾತ್ರಿ ಕೆಳಗಿಳಿಸುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್. ಸಿಂಗಳೀಕದ ಕಾಡು ಹೋಗುತ್ತದೆ ಅಂತ ಸಾಗರದಲ್ಲೂ ಹೊನ್ನಾವರದಲ್ಲೂ ಪ್ರತಿಭಟನೆ ಆಗಿದೆ. ಯೋಜನೆ ಬೇಕೋ ಬೇಡವೋ ಎಂಬ ಜಗಳದ ನಡುವೆ ನಾನು ಭಾವನಿಗೆ ಫೋನು ಮಾಡಿ, ಹತ್ತು ಪರ್ಸೆಂಟ್ ಷೇರು ಹಳೇ ಮುಳುಗಡೆಯವರಿಗೆ ಮೊದಲು ಬರೆದುಕೊಡಿ ಅಂತ ಒಂದು ಮನವಿ ಕೊಡಿ ಅಂದೆ. ಕರಡು ಬರೆದೂ ಕಳಿಸಿದೆ, ಚಿಲಿಮೆಯ ಉದಾಹರಣೆ ಸಮೇತ.

ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ಓದಿದ್ದರು, ಒಂದಿಬ್ಬರು ಹಿರಿಯರಿಗೂ ಓದಿ ಹೇಳಿದ್ದರು. “ಚಲೋ ಬರದೀಯ,” ಅಂದರು. “ಆದ್ರೆ ಹತ್ತು ಪರ್ಸೆಂಟಿನ ವಿಷಯ ಎರಡನೇ ಪುಟಕ್ಕೆ ಹಾಕಿದ್ವಿ. ಮೊದಲ್ನೇ ಪುಟದಲ್ಲಿ ಪಹಣಿ ಕೇಳಿದ್ವಿ. ಹಂಚ್ಕೊಳ್ಳೋಕೆ ಮೊದ್ಲು ನಾವು ಯಾವ ಊರಿನವರು ಅಂತ ಕಾಗದದಲ್ಲಿ ಇರ್ಬೇಕಲ್ಲ ಮಾರಾಯ.”